ಬರ್ತೀನಿ ಅಂದಿದ್ದೆ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ನನ್ನ ಕನ್ನಡವೇ ಒಬ್ಬಳ ಪಾಲಿಗೆ ಹೀಗೆ ಕೈಕೊಡುತ್ತದೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಉಪ್ಪಾರಹಳ್ಳಿಯ ನಮ್ಮ ಮನೆಯ ಮಹಡಿಗೆ ಜಪಾನಿನ ಗಂಡ ಹೆಂಡತಿ ಬಾಡಿಗೆಗೆ ಬಂದು ಮೂರು ವಾರವಾಗಿತ್ತು. ಗಂಡನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ಫೋನನ್ನು ಗೇಟಿನಲ್ಲೇ ಕೊಟ್ಟು ಒಳಗೆ ಹೋಗಬೇಕು. ಹೆಂಡತಿ ಇನ್ನೂ ಹುಡುಗಿ, ಅವಳಿಗೆ ಇಲ್ಲಿಯ ಸಿಮ್ ಸಿಕ್ಕಿರಲಿಲ್ಲ. ಪಾಸ್‌ಪೋರ್ಟು, ವೀಸಾ ಅಂತ ಅಂಗಡಿಯವನು ಅಲೆಸುತ್ತಲೇ ಇದ್ದ. ಲ್ಯಾಪ್‌ಟಾಪ್ ಇತ್ತು, ವೈಫೈ ಇರಲಿಲ್ಲ. ಸಂಜೆ ಕೆಳಗಿಳಿದು ಬಂದು, ನನ್ನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ತಾಯಿಯ ಜೊತೆ ಮಾತಾಡಿ, ಆಮೇಲೆ ನನ್ನ ಹತ್ತಿರ ಕನ್ನಡ ಕಲಿಯುತ್ತಿದ್ದಳು; ಊರಲ್ಲೇ ಪುಸ್ತಕ ನೋಡಿ ಅಷ್ಟಿಷ್ಟು ಕಲಿತು ಬಂದಿದ್ದಳು. ಬರ್ತೀನಿ, ಬರ್ತೀಯ, ಬರ್ತಾರೆ. ಒಂದೂ ತಪ್ಪಿಲ್ಲದೆ ಒಪ್ಪಿಸುವಳು. ನನಗೋ ಹಿಗ್ಗೇ ಹಿಗ್ಗು.

ಅವಳ ತಾಯಿಗೆ ಗಂಟಲಿನ ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಅಂದಿದ್ದರಂತೆ ಡಾಕ್ಟರು. ಆ ವಾರವೆಲ್ಲ ಪರೀಕ್ಷೆಗಳಲ್ಲಿ ತಾಯಿ ಮಾತಿಗೆ ಸಿಕ್ಕಿರಲಿಲ್ಲ. ಆಪರೇಷನ್ ಗುರುವಾರ, ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ ಹನ್ನೊಂದಕ್ಕೆ. ಅದಕ್ಕೆ ಅರ್ಧ ಗಂಟೆ ಮುಂಚೆ ತಾಯಿ ಕೊನೇ ಸಲ ಮಗಳನ್ನು ಹೆಸರು ಹಿಡಿದು ಕರೆಯಬೇಕಿತ್ತು.

ಹತ್ತು ದಿನದಿಂದ ಕುಣಿಗಲ್ ಕಡೆ ಕೆಲಸ ಇದೆ ಅನ್ನುತ್ತಿದ್ದ ನೆಟ್‌ನವನು ಅಂತೂ ಗುರುವಾರ ಒಂಬತ್ತಕ್ಕೆ ಬಂದ. ಗೋಡೆಗೆ ಡಬ್ಬ ಬಡಿದ, ಹಸಿರು ದೀಪ ಹತ್ತಿತು.

"ಆಯ್ತು ಬುಡಿ ಮೇಡಂ, ಇನ್ ಹತ್ತು ನಿಮಿಷಕ್ಕೆ ಲೈನ್ ಆನ್ ಆಗ್ತದೆ," ಅಂದು ಗಾಡಿ ಹತ್ತಿದ.

ನನಗೆ ಗುಬ್ಬಿಯಲ್ಲಿ ತಂಗಿಯ ಮೊಮ್ಮಗಳ ನಾಮಕರಣ. ರೇಷ್ಮೆ ಸೀರೆ ಉಟ್ಟು ನಿಂತಿದ್ದೆ. ಹಾಳಾದ್ದು, ಆ ಹತ್ತು ನಿಮಿಷ ಕಾಯಬಾರದಿತ್ತೆ! "ಎಲ್ಲಾ ಸರಿಹೋಯ್ತು ಕಣಮ್ಮ, ಬರ್ತೀನಿ," ಎಂದು ಕೈಬೀಸಿ, ಮನೆಗೆ ಬೀಗ ಹಾಕಿ ಹೊರಟುಬಿಟ್ಟೆ.

ನಾಲ್ಕಕ್ಕೆ ವಾಪಸು ಬಂದರೆ ಹುಡುಗಿ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಾಳೆ, ತೊಡೆಯ ಮೇಲೆ ಲ್ಯಾಪ್‌ಟಾಪ್.

"ಏನಮ್ಮ ಇಲ್ಲಿ? ಅಮ್ಮ ಮಾತಾಡಿದ್ರಾ?"

"ನೆಟ್ ಬರಲಿಲ್ಲ," ಅಂದಳು. "ಟೀಚರ್, ನೀವು ಬರ್ತೀನಿ ಅಂದ್ರಿ."

ಮೊದಲು ತಲೆಗೇ ಹೋಗಲಿಲ್ಲ. ಅಷ್ಟರಲ್ಲಿ ಎದುರು ಮನೆಯಾಕೆ ಬಂದಳು.

"ನಾನು ಹತ್ತು ಗಂಟೆಗೇ ಕೇಳ್ದೆ ಕಣಕ್ಕಾ, ಏನಾರ ಬೇಕೇನವ್ವಾ ಅಂತ. ಟೀಚರ್ ಬರ್ತಾರೆ ಅಂದ್ಲು. ಹನ್ನೊಂದಕ್ಕೂ ಅದನ್ನೇ ಅಂದ್ಲು. ನಂಗೇನ್ ಗೊತ್ತು?"

ಆಕೆಯ ಕೈಯಲ್ಲೇ ಫೋನಿತ್ತು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ವೈಫೈ ಇಲ್ಲ? ಅಯ್ಯೋ ಶಿವನೇ, ಒಂದು ಮಾತು ಕೇಳಿದ್ದರೆ ಹತ್ತು ಜನ ಕೊಡುತ್ತಿದ್ದರು. ಅವಳು ಕೇಳಲಿಲ್ಲ, ನಾನು ಬರುತ್ತೇನಲ್ಲ!

ಹೊರಡುವಾಗ ನಮ್ಮಲ್ಲಿ ಹೋಗ್ತೀನಿ ಅನ್ನಬಾರದು, ಅಪಶಕುನ. ಚಿಕ್ಕಂದಿನಲ್ಲಿ ಬಾಯಿ ತಪ್ಪಿ ಅಂದರೆ ಅಜ್ಜಿ ಬಾಯಿಗೇ ಹೊಡೆಯುತ್ತಿದ್ದಳು. ಕ್ರಿಯಾಪದದ ರೂಪಗಳನ್ನೆಲ್ಲ ಬಾಯಿಪಾಠ ಮಾಡಿಸಿದ ನಾನು ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ತಡವರಿಸುತ್ತಾ ವಿವರಿಸಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನಿಜವಾಗಿ ಬರೋರು ಏನು ಹೇಳ್ತಾರೆ, ಟೀಚರ್?"

ನಾನು ಚೀಲದಿಂದ ಫೋನು ತೆಗೆದೆ.

ನೆಟ್‌ನವನನ್ನು ಬೈದು ಕರೆಸಿದೆ. ಕತ್ತಲಾಗುವ ಮೊದಲೇ ವೈಫೈ ಬಂತು. ಆಪರೇಷನ್ ಆದ ಆರನೇ ದಿನ ಹುಡುಗಿ ನನ್ನನ್ನು ಮಹಡಿಗೆ ಕರೆದಳು. ಪರದೆಯ ಮೇಲೆ ಅವಳ ತಾಯಿ, ದಿಂಬಿಗೆ ಒರಗಿ ಕೂತಿದ್ದರು. ಕುತ್ತಿಗೆಗೆ ಬಿಳಿ ಪಟ್ಟಿ. ನನ್ನನ್ನು ಕಂಡು ತಲೆಬಾಗಿ ನಕ್ಕರು. ತುಟಿ ಅಲ್ಲಾಡಿಸಿ ನನಗೆ ಏನೋ ಹೇಳಿದರು.

"ಸೌಂಡ್ ಜಾಸ್ತಿ ಮಾಡಮ್ಮ, ಏನೂ ಕೇಳಿಸ್ತಿಲ್ಲ," ಅಂದುಬಿಟ್ಟೆ.