ವಿಭೂತಿ ಡಬ್ಬಿಯೊಳಗಿನ ಗುಳಿಗೆಗಳು

ನಾನು ಚಿಕ್ಕವಳಿದ್ದಾಗ, ಶ್ರಾವಣದ ಒಂದು ಬೆಳಿಗ್ಗೆ, ಹಂಪಸಾಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಹರಳು ಆರಿಸಿ ಆರಿಸಿ ಬೆರಳ ತುದಿಗೆ ಬಿಳಿ ದೂಳು ಮೆತ್ತಿತ್ತು. ಆಗ ಚಹಾದಂಗಡಿಯ ಮಾವ ಓಡಿ ಬಂದು ಅವ್ವನಿಗೆ, "ಯಕ್ಕಾ, ಅಣ್ಣಾರು ಬಸ್‌ಸ್ಟಾಂಡಿನಾಗ ಬಿದ್ದುಬಿಟ್ಟಾರ. ಮಾತು ಹೊಂಡವಲ್ದು" ಎಂದ.

ಅವ್ವ ದೇವರ ಗೂಡಿನಿಂದ ವಿಭೂತಿ ಡಬ್ಬಿ ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಏನೇ ಕಷ್ಟ ಬಂದರೂ ಅವಳ ಕೈ ಮೊದಲು ಹೋಗುತ್ತಿದ್ದದ್ದು ಅಲ್ಲಿಗೇ. ನಾನು ಮೊರ ಅಲ್ಲೇ ಬಿಟ್ಟು ಅವಳ ಹಿಂದೆ ಓಡಿದೆ. ಆ ಡಬ್ಬಿಯ ತಳದಲ್ಲಿ ಏನಿದೆಯೆಂದು ಗೊತ್ತಿದ್ದವರು ಅಪ್ಪ ಮತ್ತು ನಾನು, ಇಬ್ಬರೇ.

ಅಪ್ಪನಿಗೆ ಬಿಪಿ ಇತ್ತು. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಒಂದು ಬಿಳಿ ಗುಳಿಗೆ. ಕೊಡುವ ಕೆಲಸ ನನ್ನದು. ಆ ವರ್ಷ ಅಕ್ಕ ಹೆರಿಗೆಗೆ ಮನೆಗೆ ಬಂದಿದ್ದಳು. ಅವಳಿಗೆ ಎಲ್ಲ ಸುಸೂತ್ರವಾಗಲೆಂದು ಅಪ್ಪ ಶ್ರಾವಣ ಪೂರ್ತಿ ಒಪ್ಪತ್ತು ಹಿಡಿದಿದ್ದ. ಸಂಜೆ ಲಿಂಗಪೂಜೆಯಾಗುವವರೆಗೆ ಗುಟುಕು ನೀರೂ ಇಲ್ಲ. ನಾನು ಗುಳಿಗೆ ಹಿಡಿದು ನಿಂತರೆ, "ಬೆಳಗಿನ ಗುಳಿಗಿ ಸಂಜಿಗೆ ನುಂಗಬಾರದವ್ವ. ಚೆಲ್ಲಾಕೂ ಬಾರದು, ದೇವರ ಹಂತ್ಯಾಕ ಇರ್ಲಿ. ನಿಮ್ಮವ್ವಗ ಹೇಳಬ್ಯಾಡ, ಸುಮ್ನ ಹೆದರ್ತಾಳ" ಎಂದು ಅದನ್ನು ಡಬ್ಬಿಯ ವಿಭೂತಿಯ ತಳಕ್ಕೆ ಹೂತುಬಿಡುತ್ತಿದ್ದ. "ಕೊಟ್ಟಿಯೇನ?" ಎಂದು ಅವ್ವ ಕೇಳಿದರೆ, "ಹ್ಞೂಂ, ಕೊಟ್ಟೆ" ಎನ್ನುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಶಿವನ ದಯೆ, ಹಗರಿಬೊಮ್ಮನಹಳ್ಳಿಯ ಬಸ್ಸು ಇನ್ನೂ ನಿಂತಿತ್ತು. ಅಪ್ಪನನ್ನು ಅದರಲ್ಲೇ ಅಲ್ಲಿನ ಆಸ್ಪತ್ರೆಗೆ ಒಯ್ದಾಗ ಡಾಕ್ಟರು ಊಟಕ್ಕೆ ಎದ್ದಿರಲಿಲ್ಲ. ಸ್ಪಿರಿಟ್ಟಿನ ವಾಸನೆಯ ಆ ಕೋಣೆಯಲ್ಲಿ ಅಪ್ಪನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪಾದರಸ ಏರಿದ್ದು ನೋಡಿ, ನಂಬಿಕೆ ಬಾರದೆ ಮತ್ತೊಮ್ಮೆ ಒತ್ತಿದರು.

"ಗುಳಿಗಿ ತಪ್ಪಿಸಿಲ್ಲೇನ್ರಿ?"

"ಒಂದಿನಾನೂ ಇಲ್ರಿ. ನನ್ನ ಮಗಳೇ ಕೊಡ್ತಾಳ" ಎಂದಳು ಅವ್ವ, ನನ್ನ ತಲೆ ಸವರುತ್ತಾ.

"ಹಂಗಾದ್ರ ಅದು ಸಾಲವಲ್ದು. ಇನ್ನೂ ಜೋರಿಂದು ಬರೀತೀನಿ."

ಅಪ್ಪ ನನ್ನನ್ನೇ ನೋಡುತ್ತಿದ್ದ. ಬಾಯಿ ಒಂದು ಕಡೆ ವಾಲಿತ್ತು. ಹೇಳು ಎನ್ನುತ್ತಿದ್ದನೋ, ಬೇಡ ಎನ್ನುತ್ತಿದ್ದನೋ ತಿಳಿಯಲಿಲ್ಲ. ಡಾಕ್ಟರ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು.

"ಅಪ್ಪ ನುಂಗಿಲ್ರಿ" ಎಂದೆ. "ಅವ್ವನ ಸೆರಗಿನಾಗ ಅದಾವ."

ಡಾಕ್ಟರು ಡಬ್ಬಿಯನ್ನು ಕಾಗದದ ಮೇಲೆ ಬೋರಲು ಹಾಕಿದರು. ಬೂದಿ ಮೆತ್ತಿಕೊಂಡ ಹದಿನೇಳು ಗುಳಿಗೆಗಳು. ಅವ್ವ ಒಂದನ್ನು ಎತ್ತಿ ಸೆರಗಿನಿಂದ ಬೂದಿ ಒರೆಸಿದಳು. "ದಿನಾ ಕೊಟ್ಟೆ ಅಂದ್ಯಲ್ಲ" ಎಂದಷ್ಟೇ ಕೇಳಿ ನನ್ನ ಮುಖ ನೋಡಿದಳು. ಆ ನೋಟ ಇಂದಿಗೂ ನನ್ನ ಕಣ್ಣಲ್ಲಿದೆ.

ಡಾಕ್ಟರ ಹಣೆಯ ಮೇಲೂ ವಿಭೂತಿ ಇತ್ತು. "ಇವು ನುಂಗಾಕ ರೀ, ಹಚ್ಚಿಕೊಳ್ಳಾಕಲ್ಲ" ಎಂದರು ಅಪ್ಪನಿಗೆ. ಆಮೇಲೆ ಮೆಲ್ಲಗೆ, "ಒಮ್ಮಿಗೇ ಬಿಟ್ಟಿದ್ದಕ್ಕ ಹಿಂಗ ಏರೈತಿ. ಅದೇ ಗುಳಿಗಿ ಸಾಕು. ನಾ ಜೋರಿಂದು ಕೊಟ್ಟು, ನೀವು ಮನ್ಯಾಗ ಅದನ್ನೂ ಇದನ್ನೂ ನುಂಗಿದ್ರ..." ಎಂದು ಮಾತು ಅಲ್ಲಿಗೇ ಬಿಟ್ಟು ಚೀಟಿ ಹರಿದರು. ನನ್ನ ಕಡೆ ತಿರುಗಿ, "ಕೊಟ್ರ ಸಾಲದು ತಾಯಿ, ಬಾಯಿ ತೆಗಿಸಿ ನೋಡು" ಎಂದರು.

ನಾಲ್ಕನೆಯ ದಿನ ಅಪ್ಪ ಮನೆಗೆ ಬಂದ. ಬಾಯಿ ನೆಟ್ಟಗಾಯಿತು, ಎಡಗೈಗೆ ಮಾತ್ರ ಕೊನೆಯವರೆಗೂ ಪೂರ್ತಿ ಬಲ ಬರಲಿಲ್ಲ. ಅಕ್ಕನಿಗೆ ಹೆಣ್ಣುಮಗು ಹುಟ್ಟಿದಾಗ ಅಪ್ಪ ಬಲಗೈಯಲ್ಲೇ ಎತ್ತಿಕೊಂಡ. ದಿನಾ ಬೆಳಿಗ್ಗೆ ನನ್ನ ಕಂಡರೆ, "ಬಂತು ನೋಡ್ರಿ ಪೊಲೀಸು" ಎಂದು ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುತ್ತಿದ್ದ.

ನಿಮ್ಮ ಕಾಲದಲ್ಲಿ ಪಾದರಸವಿಲ್ಲ, ಮಕ್ಕಳೇ. ತೋಳಿಗೆ ಪಟ್ಟಿ ಸುತ್ತಿದರೆ ಯಂತ್ರವೇ ಅಂಕಿ ತೋರಿಸುತ್ತದೆ. ಗುಳಿಗೆಯ ಹೊತ್ತಿಗೆ ಫೋನೇ ಕೂಗುತ್ತದೆ. ಅಪ್ಪನ ಬಿಪಿ ಈಗ ನನಗೂ ಇದೆ, ಶ್ರಾವಣದಲ್ಲಿ ನಾನೂ ಒಪ್ಪತ್ತು ಮಾಡುತ್ತೇನೆ. ಗುಳಿಗೆಯ ಒಂದು ಗುಟುಕು ನೀರಿಗೆ ಶಿವ ಮುನಿಯುವುದಿಲ್ಲ. ಈಗಷ್ಟೇ ಫೋನು ಕೂಗಿತು. ನುಂಗಿದೆ. ಫೋನು ಸುಮ್ಮನಾಯಿತು, ಕಿರಿಯ ಮೊಮ್ಮಗಳು ಸುಮ್ಮನಾಗಲಿಲ್ಲ.

"ಅಜ್ಜಿ, ಬಾಯಿ ತಗಿ."

ತೆಗೆದೆ. ನಾಲಿಗೆಯನ್ನೂ ಎತ್ತಿ ತೋರಿಸಿದೆ. ಅವಳಿಗೆ ನಂಬಿಕೆಯಾದ ಮೇಲೆ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡೆ. ಜೋಳ ಇನ್ನೂ ಅರ್ಧ ಹಸನಾಗಬೇಕು.