ಬಿಚ್ಚಿದವರೇ ಜೋಡಿಸಬೇಕು

ಅವನ ಎಡಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಬೆಳೆದಿತ್ತು. ಕರಿ ಎಣ್ಣೆ ಕುಡಿದು ಕುಡಿದು ಎಮ್ಮೆಯ ಕೊಂಬಿನ ಬಣ್ಣಕ್ಕೆ ತಿರುಗಿತ್ತು. ಆ ಉಗುರನ್ನು ಇಂಜಿನ್ನಿನ ಸಿಲಿಂಡರಿನೊಳಗೆ ಇಳಿಬಿಟ್ಟು, ಕಣ್ಣು ಮುಚ್ಚಿ, ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದ. ಆಮೇಲೆ ಕಣ್ಣು ತೆರೆದು, "ಮೂಡಣ ಕಡಿ ಕೂದಲೆಳಿ ಜಾಸ್ತಿ ಸವದದ" ಎನ್ನುತ್ತಿದ್ದ. ಇಂಜಿನ್ನಿಗೆ ಮೂಡಣ ಯಾವುದು, ಪಡುವಣ ಯಾವುದು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೂದಲೆಳೆಯಷ್ಟನ್ನೂ ಅಳೆಯುವ ವರ್ನಿಯರ್ ಅವನಲ್ಲಿ ಇರಲಿಲ್ಲವೆಂದಲ್ಲ. ಇತ್ತು. ಮರದ ಪೆಟ್ಟಿಗೆಯೊಳಗೆ, ದೇವರ ಪಟದ ಪಕ್ಕದ ಹಲಗೆಯ ಮೇಲೆ. ಆಯುಧಪೂಜೆಯ ದಿನ ಆ ಪೆಟ್ಟಿಗೆಗೆ ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದ. ಉಳಿದ ದಿನ ಮುಟ್ಟುತ್ತಿರಲಿಲ್ಲ. "ಅದು ಕಾಲೇಜ ಕಲ್ತವರಿಗಿ. ನಮಗ ಉಗುರು ಸಾಕು." ಇಂಥ ಮಾತಿಗೆ ತಲೆದೂಗುವ ನಾಲ್ಕು ಮಂದಿ ಕೆಲಸಗೇಡಿಗಳು ಸದಾ ಅವನ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಿರುತ್ತಿದ್ದರು. ನಾನೂ ಒಂದಿಷ್ಟು ದಿನ ಅಲ್ಲಿ ಕೂತು ತಲೆದೂಗಿದವನೇ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಹುಮನಾಬಾದಿನ ಹೆದ್ದಾರಿಯ ಮಗ್ಗುಲಿಗೆ ಅವನ ತಗಡಿನ ಶೆಡ್ಡು. ಮುದಿ ಇಂಜಿನ್ನಿಗೆ ಹರೆಯ ತರುವವನು ಎಂದು ಹೆಸರು. ಸಿಲಿಂಡರು ಕೊರೆದು ಅಗಲ ಮಾಡುತ್ತಿದ್ದ, ಅದಕ್ಕೆ ತಕ್ಕ ಪಿಸ್ಟನ್ನುಗಳನ್ನು ತಾನೇ ಲೇತಿನಲ್ಲಿ ಕಡೆಯುತ್ತಿದ್ದ, ಸೈಲೆನ್ಸರನ್ನೂ ತಾನೇ ಬೆಸೆಯುತ್ತಿದ್ದ. "ಉಸ್ತಾದ್" ಎನ್ನದೆ ಬೇರೆ ಹೇಗೆ ಕರೆದರೂ ಕತ್ತೆತ್ತಿ ನೋಡುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನದೊಂದು ಹಳೆಯ ಡೀಸೆಲ್ ಜೀಪು ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಮಂದಿ ಹೊರುತ್ತಿತ್ತು. ಕಲ್ಯಾಣದ ಜೀಪ್ ಸ್ಟ್ಯಾಂಡಿನಲ್ಲಿ ಮೊದಲ ಪಾಳಿ ನನ್ನದು. ಬೆಳಿಗ್ಗೆ ಮೊದಲು ಹೊರಡುವ ಜೀಪಿಗೆ ಸಾಲಿ ಮಾಸ್ತರರು, ಕೋರ್ಟಿಗೆ ಹೋಗುವವರು ತಾವಾಗಿಯೇ ಬಂದು ತುಂಬುತ್ತಾರೆ. ಕೊನೆಯ ಪಾಳಿಯವನು ಮಧ್ಯಾಹ್ನದ ಬಿಸಿಲಲ್ಲಿ ಗಂಟಲು ಹರಿಯುವಂತೆ ಕೂಗಿದರೂ ಅರ್ಧ ಜೀಪು ತುಂಬುವುದಿಲ್ಲ. ಮೊದಲ ಪಾಳಿ ನಮ್ಮಪ್ಪನ ಕಾಲದಿಂದ ನಮ್ಮ ಮನೆಯದು. ನಾವು ಉಂಡದ್ದು ಉಟ್ಟದ್ದು ಅದರಿಂದಲೇ. ಸ್ಟ್ಯಾಂಡಿನ ಕಟ್ಟಳೆ ಮಾತ್ರ ಕಡಕ್ಕು. ಸತತ ನಲವತ್ತು ದಿನ ಜೀಪು ಮಂದಿಯನ್ನು ಹುಮನಾಬಾದಿಗೆ ಮುಟ್ಟಿಸದಿದ್ದರೆ ಪಾಳಿ ಹಿಂದಿನವನಿಗೆ ಹೋಗುತ್ತದೆ, ಕಳೆದುಕೊಂಡವನು ಸಾಲಿನ ಬಾಲಕ್ಕೆ.

ಆ ವರ್ಷ ಹೊಸ ಜೀಪುಗಳು ಬಂದವು. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಹತ್ತಿದೊಡನೆ ನನ್ನನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಒಂದು ದಿನ ಪಕ್ಕದಲ್ಲಿ ಕೂತಿದ್ದ ಮಾಸ್ತರರೊಬ್ಬರು, "ಎತ್ತು ಹೂಡ್ಕೊಂಡು ಬಂದೀಯೇನೋ ತಮ್ಮಾ?" ಎಂದರು. ಜೀಪಿನ ತುಂಬ ನಗು. ಮರುದಿನವೇ ನಾನು ಉಸ್ತಾದನ ಶೆಡ್ಡಿನ ಮುಂದೆ ಜೀಪು ನಿಲ್ಲಿಸಿದೆ.

"ಬರ್ರಿ ಮಾಲಕ್ರ, ಚಹಾ ಕುಡೀರಿ" ಎಂದ. ನಾನು ಚಹಾ ಮುಗಿಸಿ ಕಪ್ಪು ಕೆಳಗಿಡುವುದರೊಳಗೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಬಿಚ್ಚಿ ಗೋಣಿಚೀಲದ ಮೇಲಿಟ್ಟಿದ್ದ. ಕೆಲಸದಲ್ಲಿ ಎಷ್ಟು ಚುರುಕು ಎಂದು ಖುಷಿಪಟ್ಟೆ. ನನ್ನಂಥ ದಡ್ಡನಿಗೆ ಆ ಚುರುಕಿನ ಅರ್ಥ ತಿಳಿದದ್ದು ಒಂದು ತಿಂಗಳ ಮೇಲೆ.

ವಾರಕ್ಕೆ ಕೊಡುತ್ತೇನೆ ಎಂದಿದ್ದ. ವಾರ ಕಳೆದು ಹೋದರೆ, "ಆಗ್ಯದ್ರಿ, ಬರೇ ಜೋಡ್ಸೋದದ." ಹದಿನೈದು ದಿನಕ್ಕೆ ಹೋದರೂ, "ಆಗ್ಯದ್ರಿ, ಬರೇ ಜೋಡ್ಸೋದದ." ಆ ಹೊತ್ತಿಗೆ ಇನ್ನೊಬ್ಬನ ಟ್ರ್ಯಾಕ್ಟರಿನ ಹೆಡ್ಡು ಬಿಚ್ಚುತ್ತಿರುತ್ತಿದ್ದ. ಬಿಚ್ಚುವುದರಲ್ಲಿ ಅವನಿಗಿದ್ದ ಹುರುಪು ಜೋಡಿಸುವುದರಲ್ಲಿ ಕಾಣಲಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ.

ಮೂವತ್ತನೆಯ ದಿನ ತಾಳ್ಮೆ ಕೆಟ್ಟು, ಅದೇ ರಸ್ತೆಯಲ್ಲಿದ್ದ ಇನ್ನೊಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಹೋದೆ.

"ಯಾರು ಬಿಚ್ಯಾರ?" ಎಂದು ಕೇಳಿದರು ಅವರು. ಹೇಳಿದೆ. ಕೈಯನ್ನು ಬಟ್ಟೆಗೆ ಒರೆಸಿಕೊಂಡು ದೂರ ಸರಿದರು.

"ನಾ ಕೈ ಹಚ್ಚಂಗಿಲ್ಲಪ್ಪ. ಒಬ್ಬ ಮಿಸ್ತ್ರಿ ಬಿಚ್ಚಿದ ಇಂಜಿನ್ನ ಇನ್ನೊಬ್ಬ ಮಿಸ್ತ್ರಿ ಮುಟ್ಟಂಗಿಲ್ಲ. ಬಿಚ್ಚಿದವರೇ ಜೋಡಿಸಬೇಕು. ನಮ್ಮ ಕೆಲಸದಾಗ ಇದು ಮೊದಲಿನಿಂದ ನಡಕೊಂಡು ಬಂದದ."

ಚಹಾ ಮುಗಿಯುವುದರೊಳಗೆ ಹೆಡ್ಡು ಬಿಚ್ಚುತ್ತಿದ್ದದ್ದು ಇದಕ್ಕೆ. ಬಿಚ್ಚಿದನೆಂದರೆ ಗಿರಾಕಿಯ ಜುಟ್ಟು ಅವನ ಕೈಗೆ.

ಮೂವತ್ತೆಂಟನೆಯ ದಿನ ಹೋಗಿ ಅವನೆದುರು ಕೈಮುಗಿದು ನಿಂತೆ. "ನಮ್ಮಪ್ಪನ ಪಾಳಿರಿ ಉಸ್ತಾದ್. ನಾಡದು ಹೋಗ್ತದ" ಎಂದೆ. ಕಲ್ಲಿನ ಮೇಲಿನ ಆ ನಾಲ್ವರೂ ಕೇಳಿಸಿಕೊಂಡರು. ಅವನು ನನ್ನ ಮುಖ ನೋಡಲಿಲ್ಲ, ಉಗುರು ನೋಡಿಕೊಂಡ. ಮರುದಿನ ಬೆಳಿಗ್ಗೆ ಜೋಡಿಸಲು ಕೂತು ಮಧ್ಯಾಹ್ನಕ್ಕೆ ಮುಗಿಸಿದ. ನಲವತ್ತು ದಿನದ ಗೋಳು, ಅರ್ಧ ದಿನದ ಕೆಲಸ. ಕೀಲಿಕೈ ಕೊಡುವಾಗ ಹೇಳಿದ: "ಎಂಟು ದಿನ ಖಾಲಿ ಓಡಿಸ್ರಿ. ಆಮ್ಯಾಲ ತರ್ರಿ, ಹೆಡ್ಡಿನ ನಟ್ಟು ಇನ್ನೊಮ್ಮೆ ಬಿಗೀತೀನಿ. ಅಲ್ಲಿತನಾ ಮಂದಿ ಕೂಡಿಸಬ್ಯಾಡ್ರಿ."

ಎಂಟು ದಿನವಂತೆ. ನಾಳೆಯೇ ನಲವತ್ತು. ನೆಪಗಳಲ್ಲೇ ಬಾಳುವೆ ಮಾಡುವವನ ಇನ್ನೊಂದು ನೆಪ ಎಂದುಕೊಂಡು ಜೀಪು ಹತ್ತಿದೆ.

ನಲವತ್ತನೆಯ ದಿನ ಬೆಳಿಗ್ಗೆ ಹದಿನಾಲ್ಕು ಮಂದಿಯನ್ನು ತುಂಬಿಕೊಂಡು ಹೊರಟೆ. ಸುಳ್ಳು ಯಾಕೆ ಹೇಳಲಿ, ಜೀಪು ಹಾರಿತು. ಬಂಗ್ಲಾ ದಾಟಿದ ಮೇಲೆ ಹೊಸ ಜೀಪೊಂದನ್ನು ಹಿಂದೆ ಹಾಕಿದೆ. ಎತ್ತಿನ ಮಾತಾಡಿದ್ದ ಮಾಸ್ತರರು ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. "ಹ್ಯಾಂಗದ್ರಿ ಎತ್ತು?" ಎಂದು ಕೇಳಿ ನಾನು ಜೋರಾಗಿ ನಕ್ಕೆ. ಮುಂದಿನ ಏರಿನಲ್ಲಿ ಬಾನೆಟ್ಟಿನೊಳಗೆ ಢಬ್ ಎಂದಿತು. ಹೆಡ್ಡಿನ ಸಂದಿಯಿಂದ ಬಿಸಿನೀರು, ಹಬೆ, ಎಣ್ಣೆ ಎಲ್ಲ ಒಟ್ಟಿಗೇ ಕಿತ್ತುಕೊಂಡು ಬಂದವು. ಮಂದಿ ಇಳಿದರು. ಹಿಂದಿನಿಂದ ಎರಡನೆಯ ಪಾಳಿಯ ಜೀಪು ಬಂತು. ಹದಿನಾಲ್ಕೂ ಜನ ಒಳಗೆ ಒತ್ತರಿಸಿಕೊಂಡು, ಹಿಂದೆ ಜೋತುಬಿದ್ದು ಅದನ್ನೇ ಹತ್ತಿದರು. ನಮ್ಮಪ್ಪನ ಪಾಳಿಯೂ ಅವರ ಜೊತೆಯಲ್ಲೇ ಹೋಯಿತು.

ಟ್ರ್ಯಾಕ್ಟರಿಗೆ ಕಟ್ಟಿ ಜೀಪನ್ನು ಅವನ ಶೆಡ್ಡಿಗೆ ಎಳೆಸಿದೆ. ಉಗುರು ಆಡಿಸಿ ನೋಡಿ, ಕಿಂಚಿತ್ತೂ ಅಳುಕದೆ ಹೇಳಿದ: "ಮಂದಿ ಕೂಡಿಸಿದ್ರಿ. ನಾ ಇಂಜಿನ್ ಮಾಡಿದ್ದು ಗಾಡಿ ಸಲುವಾಗಿ, ಮಂದಿ ಸಲುವಾಗಿ ಅಲ್ಲ."

"ಮೂವತ್ತೊಂಬತ್ತು ದಿನ ಇಟ್ಕೊಂಡು ಕುಂತು ಈ ಮಾತಾಡ್ತೀರಿ, ನಾಚಿಕಿ ಬರಂಗಿಲ್ಲೇನ್ರಿ?"

"ಜಲ್ದಿ ನಿಮ್ದಿತ್ತು ಮಾಲಕ್ರ. ನಂದಲ್ಲ."

ಕಲ್ಲಿನ ಮೇಲಿನ ನಾಲ್ವರೂ ತಲೆದೂಗಿದರು. ಅವನ ಹೊಸ್ತಿಲ ಮುಂದೆ ಉಗುಳಿ ಜೀಪನ್ನು ಕಲ್ಯಾಣಕ್ಕೆ ಎಳೆದುಕೊಂಡು ಬಂದೆ. ಬೇರೆ ಯಾವ ಮಿಸ್ತ್ರಿಯೂ ಮುಟ್ಟಲಿಲ್ಲ. ಕೊನೆಗೆ ಮನೆಯ ಅಂಗಳದಲ್ಲಿ ನಾನೇ ಬಿಚ್ಚಿದೆ, ನಾನೇ ಜೋಡಿಸಿದೆ, ಕೆಡಿಸಿ ಮತ್ತೆ ಬಿಚ್ಚಿದೆ. ಆರು ತಿಂಗಳಿಗೆ ಜೀಪೂ ಓಡಿತು, ನನಗೂ ಆ ಕೆಲಸ ಹತ್ತಿತು. ಓಡಿದ್ದು ಮಾತ್ರ ಕೊನೆಯ ಪಾಳಿಯಲ್ಲಿ. ಬಿಸಿಲಲ್ಲಿ ನಿಂತು "ಹುಮನಾಬಾದ್, ಹುಮನಾಬಾದ್" ಎಂದು ಕೂಗುವಾಗೆಲ್ಲ ಆ ಉಗುರು ನೆನಪಾಗಿ ಹಲ್ಲು ಕಡಿಯುತ್ತಿದ್ದೆ.

ಕೆಲವು ವರ್ಷಗಳ ಮೇಲೆ ಅವನು ಎದೆನೋವಿನಿಂದ ತೀರಿಕೊಂಡ. ನಾನು ಮಣ್ಣಿಗೆ ಹೋಗಲಿಲ್ಲ. ತಿಂಗಳು ಕಳೆದು ಅವನ ಮಗ ನಮ್ಮ ಮನೆಗೆ ಬಂದ. ಯಾವುದೋ ಆಫೀಸಿನಲ್ಲಿ ಗುಮಾಸ್ತ, ಕೈಗೆ ಎಣ್ಣೆ ಹತ್ತದವನು.

"ಕಾಕಾ, ಶೆಡ್ಡಿನಾಗ ಹನ್ನೊಂದು ಇಂಜಿನ್ ಬಿಚ್ಚಿ ಬಿದ್ದಾವ. ಮಂದಿ ದಿನಾ ಮನಿಗಿ ಬರಾಕತ್ಯಾರ. ಮಿಸ್ತ್ರಿಗಳು ಯಾರೂ ಮುಟ್ಟಂಗಿಲ್ಲ. ಬಿಚ್ಚಿದವರೇ ಇಲ್ಲ, ಇನ್ನ ಜೋಡಿಸೋರು ಯಾರು? ನಿಮಗ ಕೆಲಸ ಬರ್ತದ, ಆದ್ರ ನೀವು ಮಿಸ್ತ್ರಿ ಅಲ್ಲಲ್ರಿ. ನಿಮಗ ಆ ಕಟ್ಟಳಿ ಹತ್ತಂಗಿಲ್ಲ."

ದಯೆಯಿಂದ ಹೋದೆ ಎಂದರೆ ಸುಳ್ಳಾಗುತ್ತದೆ. ಅವನ ಬಂಡವಾಳ ಬಯಲು ಮಾಡಬೇಕೆಂದೇ ಹೋದೆ. ಹಲಗೆಯಿಂದ ವರ್ನಿಯರ್ ಇಳಿಸಿದೆ. ಪೆಟ್ಟಿಗೆಯ ಒಳಗಿನ ಎಣ್ಣೆಕಾಗದವನ್ನು ಯಾರೂ ಬಿಚ್ಚಿರಲಿಲ್ಲ. ಹನ್ನೊಂದು ಇಂಜಿನ್ನುಗಳ ಸಿಲಿಂಡರುಗಳನ್ನು, ಅವನು ಕಡೆದ ಪಿಸ್ಟನ್ನುಗಳನ್ನು ಒಂದೊಂದಾಗಿ ಅಳೆದೆ. ಎಲ್ಲೂ ಕೂದಲೆಳೆ ಹೆಚ್ಚಿಲ್ಲ, ಕೂದಲೆಳೆ ಕಡಿಮೆಯಿಲ್ಲ. ನಂಬದೆ ಮತ್ತೆ ಅಳೆದೆ. ಅಷ್ಟೂ ತಯಾರಾಗಿದ್ದವು. ಬರೇ ಜೋಡಿಸುವುದಿತ್ತು.

ಅಷ್ಟು ವರ್ಷ ಅವನು ಸುಳ್ಳು ಹೇಳಿರಲೇ ಇಲ್ಲ. ಅದು ತಿಳಿದು ನನ್ನ ಸಿಟ್ಟು ಇಳಿಯಲಿಲ್ಲ, ಏರಿತು. ಕೆಲಸ ಬಾರದವನಾಗಿದ್ದರೆ ಕ್ಷಮಿಸಬಹುದಿತ್ತು. ಇಷ್ಟು ಬರುತ್ತಿದ್ದವನು ಹನ್ನೊಂದು ಮನೆಗಳ ಅನ್ನವನ್ನು ಗೋಣಿಚೀಲದ ಮೇಲೆ ಬಿಡಿಬಿಡಿಯಾಗಿ ಹರವಿಟ್ಟು ಚಹಾ ಕುಡಿಯುತ್ತ ಕೂತಿದ್ದ. ಜೋಡಿಸಿದರೆ ರಸ್ತೆಗೆ ಹೋಗುತ್ತದೆ. ರಸ್ತೆಗೆ ಹೋದದ್ದು ಕೆಡಬಹುದು, ಹೆಸರು ಹೋಗಬಹುದು. ನನ್ನ ಜೀಪು ಕೆಟ್ಟದ್ದು ಅವನಿಗೂ ನಾಟಿತ್ತೇನೋ, ಗೊತ್ತಿಲ್ಲ. ನಾಟಿದ್ದರೆ ನಾಟಲಿ.

ಮೊದಲು ಜೋಡಿಸಿದ್ದು ದುಬಲಗುಂಡಿಯವನೊಬ್ಬನ ಜೀಪನ್ನು. ಕೀಲಿಕೈ ಕೇಳಲು ಬಂದವನಿಗೆ, "ಎಂಟು ದಿನ ಖಾಲಿ ಓಡಿಸಬೇಕು. ಆಮ್ಯಾಲ ನಟ್ಟು ಬಿಗೀಬೇಕು. ಅಲ್ಲಿತನಾ ಮಂದಿ ಕೂಡಿಸಬ್ಯಾಡ" ಎಂದೆ.

ಅವನು ನಕ್ಕ. "ನೀವೂ ಉಸ್ತಾದ್‌ರ ಹಂಗ ನೆಪ ಹೇಳಾಕತ್ತೀರಲ್ಲ ಕಾಕಾ. ನಾಳಿಗಿ ಮದವಿ ಬಾಡಿಗಿ ಅದ."

ನಾನು ಕೀಲಿಕೈಯನ್ನು ಜೇಬಿಗೆ ಹಾಕಿಕೊಂಡೆ. ಅವನು ಬೈದುಕೊಂಡು ಹೋದ. ಎಂಟು ದಿನ ನಾನೇ ಆ ಜೀಪನ್ನು ಹುಮನಾಬಾದಿನಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಹುಮನಾಬಾದಿಗೆ ಖಾಲಿ ಓಡಿಸಿದೆ. ದಾರಿಯಲ್ಲಿ ಕೈ ಮಾಡಿದವರಿಗೆ ನಿಲ್ಲಿಸಲಿಲ್ಲ.