ದೇವರ ಮನೆಯ ಕೆಳಗೆ ಹೋಗದ ಪೈಪು

ನನ್ನ ತಂಗಿ ಶುಭದಾ ಕಲಬುರಗಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಪಾಠ ಹೇಳುತ್ತಾಳೆ. ಮನೆಯ ಹೊಲಸು ನೀರನ್ನು ಬೀದಿಯ ಒಳಚರಂಡಿಗೆ ಒಯ್ಯುವ ಪೈಪು ಹೇಗಿರಬೇಕು ಎಂಬುದು ಅವಳ ಮೆಚ್ಚಿನ ಪಾಠ. ಇಂಥದ್ದನ್ನೂ ಮೆಚ್ಚುವವರು ಇರುತ್ತಾರೆಯೇ ಎಂದು ನಾನು ಕಾಡಿಸುತ್ತಿದ್ದೆ. ಅವಳಿಗೆ ಅದರ ಪರಿವೆಯಿಲ್ಲ. ಪೈಪು ಆದಷ್ಟು ನೇರ ಹೋಗಬೇಕು, ಇಳಿಜಾರು ಎಲ್ಲೂ ತಪ್ಪಬಾರದು, ತಿರುಗಿಸಲೇಬೇಕಾದಲ್ಲಿ ಮುಚ್ಚಳ ತೆಗೆದು ನೋಡುವಂಥ ಚೇಂಬರ್ ಕಟ್ಟಬೇಕು, ಬಾವಿಯ ಹತ್ತಿರವಂತೂ ಸುಳಿಯಲೇಬಾರದು. ಮಣ್ಣು ಮುಚ್ಚುವ ಮೊದಲು ನೀರು ತುಂಬಿ ನಿಲ್ಲಿಸಿ ಜೋಡಣೆ ಸೋರುತ್ತದೆಯೇ ನೋಡಬೇಕು. ಊಟದ ಹೊತ್ತಿಗೆ ಇದನ್ನೆಲ್ಲ ಹೇಳಿ ನನ್ನ ಗಂಡನಿಗೆ ತುತ್ತು ಇಳಿಯದಂತೆ ಮಾಡಿದ್ದುಂಟು.

ಅವಳನ್ನು ಕೊಟ್ಟದ್ದು ಕಮಲಾಪುರಕ್ಕೆ. ಗಂಡ ಅತುಲ ಬ್ಯಾಂಕಿನವನು. ಮಾವ ಗೋಪಾಲಾಚಾರ್ಯರು ಊರವರೆಲ್ಲ ಪೂಜೆಗೆ ಕರೆಯುವ ದೊಡ್ಡ ಮನುಷ್ಯರು. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು. ಸೊಸೆ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಬರುವುದಕ್ಕೆ ಅವರು ಒಂದು ದಿನವೂ ಬೇಡ ಅಂದವರಲ್ಲ.

ಅವರ ಓಣಿಗೆ ಒಳಚರಂಡಿ ಬಂತು. ಮನೆಯ ಪಾಯಖಾನೆ ಹಿತ್ತಲ ಕಡೆ, ಬೀದಿ ಮುಂದೆ, ನಡುವೆ ದೇವರ ಮನೆ. ಪೈಪು ನೇರ ಹೋದರೆ ದೇವರ ಮನೆಯ ನೆಲದ ಕೆಳಗೇ ಹೋಗಬೇಕು. ಆಳದಲ್ಲಿ ಇಟ್ಟು ಸುತ್ತ ಕಾಂಕ್ರೀಟು ತುಂಬಿಸೋಣ, ಮೇಲೆ ಒಂದು ಹನಿಯೂ ಗೊತ್ತಾಗುವುದಿಲ್ಲ ಎಂದು ಶುಭದಾ ನಕ್ಷೆ ಬರೆದು ತೋರಿಸಿದಳು. ಮಾವ ಪೂರ್ತಿ ಕೇಳಿದರು.

"ದೇವರ ಕೆಳಗ ಅದು ಹರೀಬಾರದವ್ವಾ. ಪೂಜಿ ನಡಿಯೋ ನೆಲ ಅಗದ್ರ ದೋಷ ಬರ್ತದ. ನಾ ಇರೋತನಕ ಆಗೂದಿಲ್ಲ."

ಒಂದು ಬದಿಗೆ ಪಕ್ಕದ ಮನೆಯ ಗೋಡೆ. ಉಳಿದದ್ದು ಬಾವಿಯ ಬದಿ; ಪೈಪು ಅಲ್ಲಿಂದಲೇ ಸುತ್ತಿ ಹೋಗಲಿ ಎಂದರು ಮಾವ. ಆ ಬಾವಿ ಮಡಿ ನೀರಿನದು. ಬೆಳಗ್ಗೆ ಒದ್ದೆ ಪಂಚೆಯಲ್ಲಿ ಮಾವನೇ ಸೇದಿ ತಂದ ನೀರಿನಿಂದ ದೇವರಿಗೆ ಅಭಿಷೇಕ, ಅದೇ ಆಮೇಲೆ ಮನೆಮಂದಿಗೆಲ್ಲ ತೀರ್ಥ. ಹಾಗಾದರೆ ಇನ್ನು ಮುಂದೆ ಬಾವಿಯ ನೀರು ಬಿಟ್ಟು ನಳದ ನೀರು ಬಳಸೋಣ ಎಂದು ಇವಳು ಬೇಡಿಕೊಂಡಳು. ನಳದ ನೀರು ಮಡಿಗೆ ಬರುವುದಿಲ್ಲ ಎಂದರು. ತಿರುವುಗಳಲ್ಲಿ ಚೇಂಬರ್ ಆದರೂ ಇರಲಿ ಎಂದಳು. ಮಡಿಯಲ್ಲಿ ನಡೆದಾಡುವ ಹಾದಿಯಲ್ಲಿ ಗಟಾರದ ಮುಚ್ಚಳವೇ ಎಂದರು. ಚಾತುರ್ಮಾಸ ಶುರುವಾಗುವುದರೊಳಗೆ ಕೆಲಸ ಮುಗಿಯಬೇಕೆಂದು ಗೌಂಡಿ ಸಿದ್ದಣ್ಣನ ಬೆನ್ನು ಹತ್ತಿದರು. ಶುಭದಾ ಕಾಲೇಜಿನಿಂದ ಬರುವಷ್ಟರಲ್ಲಿ ಪೈಪಿನ ಮೇಲೆ ಮಣ್ಣು ಬಿದ್ದು, ಮಣ್ಣಿನ ಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲೂ ಕೂತಿತ್ತು. ನೀರು ತುಂಬಿಸಿ ನೋಡಿದವರು ಯಾರೂ ಇಲ್ಲ. ಊರ ಮಕ್ಕಳಿಗೆಲ್ಲ ಕಲಿಸುವವಳ ಮಾತು ಅವಳ ಮನೆಯಲ್ಲಿ ಮೂರು ಕಾಸಿನ ಬೆಲೆಯೂ ಬಾಳಲಿಲ್ಲ.

ಮಳೆಗಾಲ ಮುಗಿಯುವ ಮೊದಲೇ ತಿರುವಿನಲ್ಲಿ ಪೈಪು ಕಟ್ಟಿಕೊಂಡಿತು. ಬಿದಿರು ತೂರಿಸಿ ತಿವಿದರು, ಜೋಡಣೆ ಸಡಿಲಾಯಿತು. ಕೆಲವು ದಿನಕ್ಕೆ ಬಾವಿಯ ನೀರು ಸಣ್ಣಗೆ ನಾರತೊಡಗಿತು. ಶುಭದಾ ಒಂದು ಬಾಟಲಿ ನೀರು ಕಾಲೇಜಿನ ಲ್ಯಾಬಿಗೆ ಒಯ್ದು ಪರೀಕ್ಷಿಸಿದಳು, ಬಾವಿಗೆ ಹೊಲಸು ಇಳಿಯುತ್ತಿದೆ ಎಂದು ಎಲ್ಲರೆದುರು ಹೇಳಿದಳು. ಮಾವ ಬಾವಿಗೆ ಪುಣ್ಯಾಹ ಮಾಡಿಸಿ, ಶುದ್ಧವಾಯಿತು ಎಂದರು. ಕುಡಿಯುವ ನೀರನ್ನೇನೋ ಅವಳು ಕುದಿಸಿಯೇ ಕುಡಿದಳು. ತೀರ್ಥವನ್ನು ಕುದಿಸುವುದು ಹೇಗೆ?

ಆಗ ಅವಳು ಬಸುರಿ. ಮದುವೆಯಾಗಿ ಬಹಳ ವರ್ಷಕ್ಕೆ ನಿಂತ ಬಸಿರು. ಪೂಜೆ ಮುಗಿಯುವ ಮೊದಲೇ ಬಸ್ಸು ಹಿಡಿಯುವ ನೆಪದಲ್ಲಿ ಮನೆ ಬಿಡುತ್ತಿದ್ದಳು. ತೀರ್ಥ ತಪ್ಪುತ್ತಿತ್ತು. ಏಳನೇ ತಿಂಗಳಿಗೆ ಡಾಕ್ಟರು ಓಡಾಟ ಬೇಡವೆಂದರು, ರಜೆ ಹಾಕಿದಳು, ಹಿಡಿಯಲು ಬಸ್ಸು ಇಲ್ಲವಾಯಿತು. ಮೊದಲ ದಿನ ಒಲ್ಲೆನೆಂದಳು. ಅತ್ತೆ ಇಂದೂಬಾಯಿ ಅತ್ತರು. ಮಾವ ಆ ದಿನ ಊಟಕ್ಕೆ ಏಳಲಿಲ್ಲ. ಗಂಡನೆಂಬ ಪುಣ್ಯಾತ್ಮ ಒಳಗೆ ಕರೆದು ಹೇಳಿದ್ದು ಇಷ್ಟು: "ಮೂರು ಉದ್ಧರಣಿ ನೀರಿನ ಸಲುವಾಗಿ ಮನಿ ಶಾಂತಿ ಕೆಡಸ್ತೀಯೇನು?"

ಮರುದಿನದಿಂದ ಕೈಯೊಡ್ಡಿದಳು. ಆ ಉದ್ಧರಣೆಯಲ್ಲಿ ಏನಿದೆಯೆಂದು ಆ ಮನೆಯಲ್ಲಿ ಎಲ್ಲರೂ ಕೇಳಿದ್ದರು, ನಂಬಿದ್ದವಳು ಅವಳೊಬ್ಬಳೇ.

ಸೀಮಂತದ ಕುಬಸ ಮುಗಿದ ಮೇಲೆ ನಾನು ಜೇವರ್ಗಿ ಕಾಲೋನಿಯ ನಮ್ಮ ಮನೆಗೆ ಕರೆತರುವುದೆಂದು ಮಾತಾಗಿತ್ತು. ಅಷ್ಟರೊಳಗೆ ಅವಳ ಕಣ್ಣು ಹಳದಿಯಾದವು. ಆಸ್ಪತ್ರೆಯಲ್ಲಿ, ಇದು ಹೊಲಸು ನೀರಿನಿಂದ ಬರುವ ಕಾಮಣಿ, ಬಸುರಿಯರಿಗೆ ಬಹಳ ಕೆಟ್ಟದ್ದು ಎಂದರು. ಶುಭದಾ ಹೇಗೋ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣುಕೂಸು. ಅದೇ ತೀರ್ಥ ಕುಡಿದ ನಮಗೇನೂ ಆಗಲಿಲ್ಲವಲ್ಲ ಎಂದು ಇಂದೂಬಾಯಿ ಆಸ್ಪತ್ರೆಯಲ್ಲೇ ಅಂದರು.

ಆಸ್ಪತ್ರೆಯಿಂದ ಬಿಟ್ಟ ದಿನ ಕಮಲಾಪುರಕ್ಕೆ ಹೋಗೋಣವೆಂದು ಅವಳೇ ಹಟ ಹಿಡಿದಳು. ನಾನು ಜೊತೆಗೆ ಹೋದೆ. ಪಡಸಾಲೆಯ ತುಂಬ ಮಣ್ಣು. ದೇವರ ಮನೆ ಬರಿದಾಗಿತ್ತು. ದೇವರ ಪೆಟ್ಟಿಗೆಯನ್ನು ಬೇರೆ ಗೋತ್ರದವರ ಮನೆಗೆ ಕಳಿಸಿದ್ದರು. ಒಳಗೆ ಸಿದ್ದಣ್ಣ ಹಾರೆಯಿಂದ ನೆಲ ಅಗೆಯುತ್ತಿದ್ದ. ಮಾವ ಎದುರು ಬಂದರು. ಮುಖ ಇಳಿದುಹೋಗಿತ್ತು. ಸೊಸೆಗೆ ಸಮಾಧಾನವಾಗಲಿ ಎಂದೇ ಹೇಳಿದರು, ಅದರಲ್ಲಿ ಅನುಮಾನವಿಲ್ಲ.

"ನೀ ಹೇಳಿದ್ಹಂಗ ನೇರ ಒಯ್ಯಲಿಕ್ಕತ್ತೇವಿ ತಾಯಿ. ಹೆಂಗೂ ಈಗ ಸೂತಕ ಅದ, ಪೂಜಿ ಇಲ್ಲ. ದೇವರ ಮನಿ ಅಗದ್ರ ದೋಷ ಬರೂದಿಲ್ಲ."

ಶುಭದಾ ಹೊಸ್ತಿಲಲ್ಲಿ ನಿಂತು ಆ ಕುಣಿಯನ್ನು ನೋಡಿದಳು. ಹಾರೆಯ ಸದ್ದು ನಿಂತಿತು.

"ಅಂದ್ರ ಹಾದಿ ಇತ್ತು," ಎಂದಳು. "ಮನ್ಯಾಗ ಯಾರರೆ ಸಾಯೋತನಕ ಕಾಯಬೇಕಾಗಿತ್ತು, ಅಷ್ಟ. ಅಲ್ಲೇನ್ರಿ ಮಾವಾರ?"

ಅತುಲ ಮಣ್ಣಿನ ಗುಡ್ಡೆಯ ಆಚೆ ನಿಂತಿದ್ದ, ದಾಟಿ ಬರಲಿಲ್ಲ. ಅವಳು ತನ್ನ ಪುಸ್ತಕಗಳನ್ನೂ ಎರಡು ಸೀರೆಗಳನ್ನೂ ಎತ್ತಿಕೊಂಡು ನನ್ನ ಜೊತೆ ಹೊರಟಳು.

ಈಗ ನಮ್ಮಲ್ಲೇ ಇದ್ದಾಳೆ, ಕಾಲೇಜಿಗೆ ಹೋಗುತ್ತಾಳೆ. ಮೊನ್ನೆ ಅತುಲ ನನಗೆ ಫೋನು ಮಾಡಿದ್ದ. ಪೈಪು ನೇರವಾಗಿದೆಯಂತೆ, ನೀರು ಸಲೀಸಾಗಿ ಹರಿಯುತ್ತಿದೆಯಂತೆ, ದೇವರನ್ನು ತಿರುಗಿ ಅಲ್ಲಿಯೇ ತಂದು ಕೂರಿಸಿದ್ದಾರಂತೆ. ಇನ್ನೇನೂ ತೊಂದರೆ ಇಲ್ಲ, ಶುಭದಾ ಬರಬಹುದು ಎಂದ. ಅವಳು ಪಕ್ಕದಲ್ಲೇ ಕೂತು ಮರುದಿನದ ಪಾಠ ನೋಡಿಕೊಳ್ಳುತ್ತಿದ್ದಳು. ನಾನು ಫೋನು ಅವಳ ಕೈಗೆ ಕೊಡಲಿಲ್ಲ.